ಆನೆಯೇರದ ಕಾವ್ಯ

ಮೂಡುಬಿದಿರೆಯ ರತ್ನಾಕರವರ್ಣಿಯನ್ನು ಕುರಿತು ದೇವಚಂದ್ರನ ‘ರಾಜಾವಳೀಕಥೆ’ಯಲ್ಲಿ ಒಂದು ಕಥೆಯುಂಟು. ತನ್ನ ‘ಭರತೇಶ ವೈಭವ’ವನ್ನು ಆನೆಯ ಮೇಲಿಟ್ಟು ಮೆರೆಸಬೇಕೆಂದು ಕವಿ ಕೇಳಿದನಂತೆ. ಶಾಸ್ತ್ರಕ್ಕೆ ಒಪ್ಪದ ಪದ್ಯಗಳಿವೆಯೆಂದು ಗುರುಪೀಠದವರು ತಡೆದರಂತೆ. ಮುನಿದ ಕವಿ ಮತವನ್ನೇ ಬಿಟ್ಟು ಲಿಂಗಧಾರಿಯಾದನಂತೆ. ಕವಿಯ ಕಾಲಕ್ಕೆ ಎರಡು ಶತಮಾನಗಳಿಗೂ ಹೆಚ್ಚು ದೂರದಲ್ಲಿ ನಿಂತು ಬರೆದ ಕಥೆಯಿದು. ಪೂರ್ತಿ ನಂಬಲು ನನ್ನ ಮನಸ್ಸು ಒಪ್ಪದು. ಆದರೆ ಅದು ಎತ್ತುವ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಜನ ಯಾವುದನ್ನು ಮೆಚ್ಚಬೇಕೆಂದು ಗೊತ್ತುಮಾಡುವವರು ಯಾರು? ಆನೆ ಕೊಡುವವರೇ?

ಜೈನ ಪುರಾಣಕ್ಕೆ ಪಂಪನ ಕಾಲದಿಂದಲೂ ಚಂಪುವಿನ ರಾಜಮಾರ್ಗವಿತ್ತು. 1557ರ ಸುಮಾರಿನಲ್ಲಿ ರತ್ನಾಕರನು ಆ ದಾರಿಯನ್ನು ಬಿಟ್ಟು ಸಾಂಗತ್ಯವನ್ನು ಹಿಡಿದ. ಅದು ಅವನು ಕಂಡುಹಿಡಿದ ಛಂದಸ್ಸಲ್ಲ. ಆಗಲೇ ಜನರ ನಾಲಗೆಯ ಮೇಲಿದ್ದ ಹಾಡುಗಬ್ಬ. ಆ ಧಾಟಿಯಲ್ಲಿ 80 ಸಂಧಿ, ಸುಮಾರು 10,000 ಪದ್ಯ! ಅದಕ್ಕಿಂತಲೂ ದೊಡ್ಡ ಎದೆಗಾರಿಕೆ ನಾಯಕನ ಆಯ್ಕೆಯಲ್ಲಿದೆ. ಪಂಪನಲ್ಲಿ ತಮ್ಮನಿಗೆ ಸೋತು ತಲೆತಗ್ಗಿಸಿದ ಭರತ ಇಲ್ಲಿ ಭೋಗಿಯೂ ಯೋಗಿಯೂ ಆದ ಅರಸ. ಬಾಹುಬಲಿಯನ್ನು ಅವನು ಗೆಲ್ಲುವುದು ಸವಿಮಾತಿನಿಂದ. ಹತ್ತಿರದ ಕಾರ್ಕಳದಲ್ಲಿ 1432ರಿಂದಲೇ ಬಾಹುಬಲಿಯ ಕಲ್ಲಿನ ಮೂರ್ತಿ ನಿಂತಿತ್ತೆಂಬುದನ್ನು ನೆನೆದರೆ ಈ ಧೈರ್ಯದ ಅಳತೆ ತಿಳಿದೀತು. ಅರಸರ ಅಭಿರುಚಿಯನ್ನೇನೂ ಕವಿ ಬದಲಿಸಲಿಲ್ಲ. 1604ರಲ್ಲಿ ಬೆಳ್ತಂಗಡಿ ಸೀಮೆಯ ವೇಣೂರಿನಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ್ದೂ ಬಾಹುಬಲಿಯನ್ನೇ. ಭರತನಿಗೆ ದೊರೆತದ್ದು ಹಾಡುವವರ ಕೊರಳು.

ಈ ಧಾಟಿ ಹಿಡಿಯುವ ಜಾಣ್ಮೆಯನ್ನು ನಮ್ಮ ಕಾಲಕ್ಕೆ ಸಮೀಪದ ಇನ್ನೊಬ್ಬರಲ್ಲಿ ನಾನು ಕಾಣುತ್ತೇನೆ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ, ಬೀದಿಯ ಮಾತು ತುಳು. ಕನ್ನಡ ಶಾಲೆಯ ಮಕ್ಕಳಿಗೆ ನೀತಿಯನ್ನಷ್ಟೇ ಉರುಹೊಡೆಸುತ್ತಿದ್ದಾಗ ಅವರು ಕುಣಿತವನ್ನು ಕೊಟ್ಟರು. ಹಾವಿಗೆ ಹೆದರುವ ಮಕ್ಕಳು ‘ಹಾವಿನ ಹಾಡು’ ಹಾಡಿ ಹಾವನ್ನೇ ಕರೆದರು. ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ 1934ರಲ್ಲಿ ಬಂತು. ಹಾಡು ಅದಕ್ಕೂ ಮೊದಲೇ ಊರೂರು ಸುತ್ತಿತ್ತು.

ರಾಯರು ಶಾಲಾ ಇನ್‌ಸ್ಪೆಕ್ಟರಾಗಿದ್ದವರು, ಪಠ್ಯಪುಸ್ತಕಗಳನ್ನು ಸಿದ್ಧಗೊಳಿಸಿದವರು. ಅದೂ ಒಂದು ಆನೆಯೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಆನೆಯೇ, ಅಂಬಾರಿಯೂ ಸೇರಿ. ಆದರೆ ಅದೇ ಆನೆಯ ಬೆನ್ನೇರಿ ಬಂದ ಎಷ್ಟು ಪದ್ಯಗಳು ಪರೀಕ್ಷೆಯ ಮರುದಿನವೇ ಇಳಿದುಹೋಗಲಿಲ್ಲ! ಕವಿಯ ಹೆಸರನ್ನೂ ಶಾಲೆಯ ಪಾಠವನ್ನೂ ಮರೆತ ಅಜ್ಜಿಯೊಬ್ಬಳು ಮೊಮ್ಮಗುವಿಗೆ ಉಣಿಸುತ್ತ ಇಂದಿಗೂ ನಾಗರಹಾವನ್ನು ಕರೆಯುತ್ತಾಳೆ.