ಹುಡುಕಿದರೆ ಪಾಠ ಸಿಗಬೇಕು

ಈ ಮಾಲಿಕೆಗೆ ಬರುವ ಪತ್ರಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕಾಣುತ್ತಿದೆ. ‘ಪಾಠದ ವೆಬ್‌ಸೈಟಿನಲ್ಲಿ ಎಲ್ಲ ಇದೆ ಅಂತಾರೆ. ಮಗು ಹುಡುಕಿದರೆ ಏನೂ ಬರೋದಿಲ್ಲ, ಎದ್ದು ಯೂಟ್ಯೂಬಿಗೆ ಹೋಗುತ್ತೆ. ಈ ಮಕ್ಕಳಿಗೆ ಆಸಕ್ತಿಯೇ ಇಲ್ಲವಾ?’

ಆಸಕ್ತಿ ಇದ್ದದ್ದರಿಂದಲೇ ಅಲ್ಲವೇ ಅದು ಹುಡುಕಿದ್ದು? ಪಾಠದ ತಾಣಗಳೂ ಹೊಸವಲ್ಲ: ಎನ್‌ಪಿಟಿಇಎಲ್ 2003ರಿಂದ ಇದೆ. ಸ್ವಯಂ, ದೀಕ್ಷಾ ಎರಡೂ 2017ರಲ್ಲಿ ಬಂದವು. ಪಾಠಗಳಿಗೆ ಬರವಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ನೇರ ಪಾಠಕ್ಕೇ ಹೋಗಬಹುದು. ಆದರೆ ರಾತ್ರಿ ಒಂಬತ್ತಕ್ಕೆ ತಲೆಯಲ್ಲಿ ಏಳುವ ಅನುಮಾನಕ್ಕೆ ಕ್ಯೂಆರ್ ಕೋಡ್ ಅಂಟಿಸಿರೋದಿಲ್ಲ. ಅದಕ್ಕೆ ಹುಡುಕಾಟದ ಪೆಟ್ಟಿಗೆಯೇ ಗತಿ.

ಆ ಪೆಟ್ಟಿಗೆ ಪಾಠಗಳನ್ನೆಲ್ಲ ಆ ಕ್ಷಣದಲ್ಲಿ ಓದಿ ನೋಡುವುದಿಲ್ಲ. ಪುಸ್ತಕದ ಕೊನೆಯ ಪದಸೂಚಿಯ ಹಾಗೆ ಒಂದು ಪಟ್ಟಿ ಮೊದಲೇ ತಯಾರಾಗಿರುತ್ತದೆ: ಈ ಪದ ಈ ಈ ಪಾಠಗಳಲ್ಲಿದೆ ಅಂತ. ನಾವು ಟೈಪ್ ಮಾಡಿದ್ದು ಪಟ್ಟಿಯಲ್ಲಿದ್ದರೆ ಸರಿ, ಇಲ್ಲದಿದ್ದರೆ ‘ಫಲಿತಾಂಶ ಇಲ್ಲ’.

ಕನ್ನಡ ಎಡವುವುದು ಇಲ್ಲೇ. ಸಸ್ಯ, ಸಸ್ಯವನ್ನು, ಸಸ್ಯಕ್ಕೆ, ಸಸ್ಯದಿಂದ, ಸಸ್ಯದಲ್ಲಿ. ಆಮೇಲೆ ಸಸ್ಯಗಳು, ಸಸ್ಯಗಳಿಗೆ, ಸಸ್ಯಗಳಲ್ಲಿಯೂ. ನಮಗೆ ಇದು ಒಂದೇ ಸಸ್ಯ. ಬರೀ ಅಕ್ಷರ ಹೋಲಿಸುವ ಯಂತ್ರಕ್ಕೆ ಎಂಟು ಬೇರೆ ಬೇರೆ ಪದ. ಪಾಠದಲ್ಲಿ ‘ಸಸ್ಯಗಳಲ್ಲಿ’ ಅಂತಿದ್ದು ಮಗು ‘ಸಸ್ಯಕ್ಕೆ’ ಅಂತ ಹುಡುಕಿದರೆ ಎರಡೂ ಸೇರುವುದೇ ಇಲ್ಲ. ಇನ್ನೊಮ್ಮೆ ಹೇಳುತ್ತೇನೆ: ಪಾಠ ಇದೆ, ಮಗು ಕೇಳಿದ್ದೂ ಸರಿಯಿದೆ, ನಡುವೆ ವಿಭಕ್ತಿ ಪ್ರತ್ಯಯ ಅಡ್ಡ ನಿಂತಿದೆ.

ಹಾಗಾದರೆ ಬಾಲ ಕತ್ತರಿಸಿದರಾಯಿತು ಅನ್ನುತ್ತೀರಿ. ಇಂಗ್ಲಿಷಿಗೆ ಮಾರ್ಟಿನ್ ಪೋರ್ಟರ್ 1980ರಲ್ಲೇ ಅಂಥ ಕ್ರಮ ಪ್ರಕಟಿಸಿದರು. ಕನ್ನಡದಲ್ಲಿ ಕಣ್ಣು ಮುಚ್ಚಿ ‘ಅಲ್ಲಿ’ ಕತ್ತರಿಸಲು ಹೊರಟರೆ ‘ಹಲ್ಲಿ’ ಸತ್ತು ‘ಹ್’ ಉಳಿಯುತ್ತದೆ, ‘ನಲ್ಲಿ’ಯೂ ಹೋಗುತ್ತದೆ. ಸಂಧಿ ಇನ್ನೂ ತರಲೆ. ‘ಮಳೆಗಾಲ’ದೊಳಗೆ ‘ಕಾಲ’ ಇದೆ ಅಂತ ಯಂತ್ರಕ್ಕೆ ಯಾರು ಹೇಳಬೇಕು? ಆದ್ದರಿಂದ ಕತ್ತರಿಯ ಜೊತೆಗೆ ನಿಘಂಟೂ ಬೇಕು, ವ್ಯಾಕರಣ ಬಲ್ಲವರೊಬ್ಬರು ಪಕ್ಕದಲ್ಲಿ ಕೂರಬೇಕು. ಪ್ರೋಗ್ರಾಮರ್ ಒಬ್ಬರಿಂದಲೇ ಆಗುವ ಕೆಲಸವಲ್ಲ.

ಹಳೆಯ ಕಡತಗಳದು ಮತ್ತೊಂದು ಕಥೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟ್‌ಗಳಲ್ಲಿ ಬೆರಳಚ್ಚಾದ ಪಿಡಿಎಫ್ ಪರದೆಯ ಮೇಲೆ ಚೆಂದದ ಕನ್ನಡವೇ, ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರಗಳ ಸಂಕೇತ. ಪರಿವರ್ತಿಸದೆ ಏರಿಸಿದರೆ ಅದನ್ನು ಯಾವ ಹುಡುಕಾಟವೂ ಮುಟ್ಟಲಾರದು.

ಒಂದು ಕಲಿಕಾ ತಾಣದ ಮರುವಿನ್ಯಾಸದ ಸಭೆಗೆ ನನ್ನನ್ನು ಕರೆದಿದ್ದರು. ಚರ್ಚೆಯೆಲ್ಲ ಬಟನ್ನಿನ ಬಣ್ಣ, ಮಕ್ಕಳಿಗೆ ಕೊಡುವ ಬ್ಯಾಡ್ಜು, ‘ಎಐ ಹಾಕಿಬಿಡೋಣ ಸಾರ್’. ಹುಡುಕಿ ಏನೂ ಸಿಗದೆ ಹೋದ ಪದಗಳ ಪಟ್ಟಿ ಕೊಡಿ ಅಂದೆ. ಅದು ಸರ್ವರಿನಲ್ಲೇ ಇತ್ತು, ತೆಗೆದು ನೋಡಿದವರಿರಲಿಲ್ಲ. ಮಕ್ಕಳು ತಾವೇ ಬಂದು ಬರೆದಿಟ್ಟು ಹೋದ ದೂರುಪುಸ್ತಕ ಅದು! ತೆರೆದರೆ ‘ದ್ಯುತಿಸಂಶ್ಲೇಷಣೆ’ಗೆ ನಾನಾ ಕಾಗುಣಿತ, ‘ಫೋಟೋಸಿಂಥೆಸಿಸ್’, ‘ಗಿಡ ಊಟ ಹೇಗೆ ಮಾಡುತ್ತೆ’. ಇವೆಲ್ಲ ಒಂದೇ ಪಾಠಕ್ಕೆ ಹೋಗಬೇಕು ಅಂತ ಹೇಳಿಕೊಡಲು ವಿಜ್ಞಾನದ ಮೇಷ್ಟ್ರೊಬ್ಬರು ಸಾಕು. ಎಐ ಕೂರಿಸಿದರೂ ಆ ಪಟ್ಟಿ ನೋಡುವುದು ತಪ್ಪುವುದಿಲ್ಲ. ಓದಲಾಗದ ಪಿಡಿಎಫ್ ಕೊಟ್ಟರೆ ಅದು ತಾನೇ ಏನು ಮಾಡೀತು?

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಫಲಿತಾಂಶದ ಪಕ್ಕದಲ್ಲೇ ಎಷ್ಟನೇ ತರಗತಿ, ಎಷ್ಟು ನಿಮಿಷ, ಯಾವ ಭಾಷೆ ಅಂತ ಕಾಣಲಿ. ಏನೂ ಸಿಗದಾಗ ಖಾಲಿ ಪುಟದ ಬದಲು ಹತ್ತಿರದ ಪಾಠ ತೋರಲಿ.

ಪೋಷಕರಿಗೆ ಸದ್ಯಕ್ಕೆ ಒಂದು ಉಪಾಯ: ಪ್ರತ್ಯಯ ಬಿಟ್ಟು ಬರೀ ಮೂಲಪದ ಟೈಪ್ ಮಾಡಿಸಿ, ಸಿಗದಿದ್ದರೆ ಬಹುವಚನ ಹಾಕಿ ನೋಡಿ. ಅದಕ್ಕೂ ಬಗ್ಗದಿದ್ದರೆ ಆ ಪದವನ್ನು ಬರೆದು ತಾಣದವರಿಗೆ ಕಳಿಸಿ. ದಯವಿಟ್ಟು ಮಗುವನ್ನು ಮಾತ್ರ ಬೈಯಬೇಡಿ.