ಸೊಂಟದ ಕುಳಿ ಮುರಿದಾಗ

ಒರಳ ಕುಳಿಯಲ್ಲಿ ಗುಂಡು ಕುಳಿತಂತೆ, ಸೊಂಟದ ಕುಳಿಯಲ್ಲಿ ತೊಡೆಯೆಲುಬಿನ ತಲೆ ಕುಳಿತಿರುತ್ತದೆ. ಮೋಟಾರುಗಳು ಎದುರುಬದುರಾಗಿ ಡಿಕ್ಕಿ ಹೊಡೆದಾಗ, ಮಂಡಿಗೆ ಬಿದ್ದ ಪೆಟ್ಟು ತೊಡೆಯೆಲುಬಿನ ಮೂಲಕ ಸಾಗಿ ಈ ಕುಳಿಯನ್ನೇ ಒಡೆಯುವುದುಂಟು.

ಇದರ ಬಿರುಕು ಒಂದೇ ಕ್ಷ-ಕಿರಣ ಚಿತ್ರಕ್ಕೆ ಪೂರ್ತಿಯಾಗಿ ಸಿಕ್ಕದು. ಫ್ರಾನ್ಸಿನ ಜ್ಯೂಡೆ ಸೋದರರೂ ಲೆತೂರ್ನೆಲರೂ 1964ರಲ್ಲಿ ಪ್ರಕಟಿಸಿದ ಲೇಖನವು, 45 ಅಂಶ ಓರೆಯಾಗಿ ಇನ್ನೆರಡು ಚಿತ್ರ ತೆಗೆದು ನೋಡುವ ಕ್ರಮವನ್ನು ವಿವರಿಸಿತು. ಈಗ ಸಿ.ಟಿ. ಸ್ಕ್ಯಾನ್ ಸಣ್ಣ ಚೂರುಗಳನ್ನೂ ತೋರಿಸುತ್ತದೆ.

ಚೂರು ಕದಲದಿದ್ದರೆ, ಕಾಲಿಗೆ ಭಾರ ಹಾಕದ ವಿಶ್ರಾಂತಿಯೇ ಸಾಕಾಗಬಹುದು. ಕದಲಿದ್ದರೆ ಶಸ್ತ್ರವೈದ್ಯರು ಅವನ್ನು ಹೊಂದಿಸಿ, ಲೋಹದ ಪಟ್ಟಿ ತಿರುಪುಗಳಿಂದ ಬಿಗಿಯುತ್ತಾರೆ. ಕುಳಿ ಏರುಪೇರಾಗಿ ಉಳಿದರೆ ಕೀಲು ಸವೆದು ನಡಿಗೆ ಕೆಡುತ್ತದೆ.

ಕೀಲು ಜಾರಿದ್ದರಂತೂ ಕೆಲವೇ ಗಂಟೆಗಳಲ್ಲಿ ಕೂರಿಸಬೇಕು. ತಡವಾದಷ್ಟೂ ಎಲುಬಿನ ತಲೆ ರಕ್ತವಿಲ್ಲದೆ ಸಾಯುವ ಭಯ ಹೆಚ್ಚು. ಆದುದರಿಂದ ವಾಚಕರೇ, ಗಾಯಾಳುವಿನ ಕಾಲನ್ನು ಎಳೆದು ನೀವಿಸುತ್ತ ಹೊತ್ತು ಕಳೆಯಬೇಡಿ. ಅಲುಗಿಸದೆ ಆಸ್ಪತ್ರೆಗೆ ಸಾಗಿಸಿ.