ಅಮೃತಬಳ್ಳಿಗೂ ಪರೀಕ್ಷೆ ಬೇಕು
(ಭೀಮಸಮುದ್ರದ ಶರಣ ಸಂಗಮದಲ್ಲಿ ಆಡಿದ ಮಾತುಗಳು)



ನಾನು ವೈದ್ಯನಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತನಾದವನು. ರಸ್ತೆ, ಸೇತುವೆ ಬಿಟ್ಟು ಔಷಧದ ಮಾತು ಇವನಿಗೇಕೆ ಎಂದು ನೀವು ಕೇಳಬಹುದು. ಕಾರಣ ನಮ್ಮ ಮನೆಯಲ್ಲೇ ಇದೆ.

ಕೊರೊನಾ ಕಾಲದಲ್ಲಿ ನಮ್ಮ ಅಡಿಕೆ ತೋಟದ ಬೇವಿನ ಮರಕ್ಕೆ ಹಬ್ಬಿದ್ದ ಅಮೃತಬಳ್ಳಿ ಕಿತ್ತು, ಕಷಾಯ ಕಾಸಿ ಹತ್ತು ಮನೆಗೆ ಹಂಚಿದೆ. ಸಾಲದೆಂದು ಅದರ ಸಾರದ ಮಾತ್ರೆ ಕೊಂಡು ತಂದು ನಮ್ಮಕ್ಕನಿಗೆ ಕೊಟ್ಟೆ. ಮೂರು ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಿದಳು. ಆಮೇಲೆ ಕಣ್ಣು ಹಳದಿಯಾಯಿತು. ಯಾವ ಮಾತ್ರೆ ತಗೋತೀರಮ್ಮಾ ಎಂದು ವೈದ್ಯರು ಕೇಳಿದಾಗ ಬಿ.ಪಿ. ಮಾತ್ರೆಯೊಂದನ್ನೇ ಹೇಳಿದಳು. ಅವಳ ಲೆಕ್ಕದಲ್ಲಿ ಬಳ್ಳಿ ಔಷಧವೇ ಅಲ್ಲ. ಪಕ್ಕದಲ್ಲಿ ನಿಂತಿದ್ದ ನಾನೂ ಸುಮ್ಮನಿದ್ದೆ. ಹತ್ತು ದಿನ ಕಳೆದ ಮೇಲೆ ಬಾಯಿಬಿಟ್ಟೆ. ಮಾತ್ರೆ ನಿಲ್ಲಿಸಿ ಎರಡು ತಿಂಗಳಿಗೆ ಗುಣವಾದಳು. ಬಳ್ಳಿಯೇ ಕಾರಣವೆಂದು ವೈದ್ಯರು ಖಚಿತವಾಗಿ ಹೇಳಲಿಲ್ಲ. ಬೇರೆ ಕಾರಣವೂ ಸಿಗಲಿಲ್ಲ.

2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿ ಯಕೃತ್ತಿಗೆ ಪೆಟ್ಟುಬಿದ್ದ 6 ಜನರ ವಿಷಯ ಪ್ರಕಟಿಸಿದರು. ಮರುವರ್ಷ ಹಲವು ಆಸ್ಪತ್ರೆಗಳಿಂದ ಸೇರಿಸಿದ 43 ಜನರ ವರದಿ ಬಂತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಟಿನೋಸ್ಪೊರ ಕ್ರಿಸ್ಪ ಎಂಬ ಬಳ್ಳಿ ಬೆರೆತಿರಬಹುದು ಎಂದಿತು. ಇರಲಿ, ಆ ವಾದ ಸರಿಯಾಗಿದ್ದರೂ ನನ್ನ ಪ್ರಶ್ನೆ ಉಳಿಯುತ್ತದೆ: ಮಾತ್ರೆಯ ಒಳಗಿರುವುದು ಯಾವ ಬಳ್ಳಿಯೆಂದು ನೋಡಿದವರು ಯಾರು?

ನಮ್ಮ ಹಿರಿಯರು ಕುಡಿದು ಬದುಕಲಿಲ್ಲವೇ ಎನ್ನುತ್ತೀರಿ. ಅವರು ಕುಡಿದದ್ದು ಜ್ವರ ಬಂದಾಗ ನಾಲ್ಕು ದಿನದ ಕಷಾಯ. ಅಡಿಕೆ ಬೇಯಿಸುವ ನಿಮಗೆ ಚೊಗರು ಗೊತ್ತು. ಅದೇ ನೀರಿನಲ್ಲಿ ಮತ್ತೆ ಮತ್ತೆ ಬೇಯಿಸಿದಂತೆ ಅದು ಎಷ್ಟು ಗಟ್ಟಿಯಾಗುತ್ತದೆ! ಕಾರ್ಖಾನೆಯ ಸಾರವೂ ಹಾಗೆಯೇ. ಎಷ್ಟು ಬಳ್ಳಿ ಎಷ್ಟು ಸಾರವಾಯಿತು, ನೀರಿನಲ್ಲಿ ತೆಗೆದರೋ ಆಲ್ಕೋಹಾಲಿನಲ್ಲಿ ತೆಗೆದರೋ ಎಂಬುದರ ಮೇಲೆ ಅದರ ಗುಣವೇ ಬದಲಾಗುತ್ತದೆ.

‘ಪ್ರಯೋಗಾಲಯದಲ್ಲಿ ಸುರಕ್ಷಿತ’ ಎಂದು ಬರೆದಿದ್ದರೆ ಯಾವ ಪ್ರಯೋಗ ಎಂದು ಕೇಳಿ. ಹೆಚ್ಚಾಗಿ ಮಾಡುವುದು ತೀವ್ರ ವಿಷತ್ವ ಪರೀಕ್ಷೆ. ಓ.ಇ.ಸಿ.ಡಿ.ಯ 423ನೇ ಮಾರ್ಗಸೂಚಿಯಂತೆ ಇಲಿಗಳಿಗೆ, ಮೂರು ಮೂರರಂತೆ, ತೂಕದ ಕಿಲೋ ಒಂದಕ್ಕೆ ಗರಿಷ್ಠ 2000 ಮಿಲಿಗ್ರಾಂವರೆಗೆ ಒಂದು ಸಲ ಕೊಟ್ಟು 14 ದಿನ ನೋಡುತ್ತಾರೆ. ಸಾಯದಿದ್ದರೆ ಸಂತೋಷ. ಆದರೆ ಅದು ಒಂದೇ ಸಲಕ್ಕೆ ಸಾಯಲಿಲ್ಲ ಎಂದಷ್ಟೇ ಹೇಳುತ್ತದೆ. ದಿನಾ ನುಂಗಿದರೆ ಏನಾಗುತ್ತದೆಂದು ತಿಳಿಯಲು 28 ದಿನದ, 90 ದಿನದ ಪರೀಕ್ಷೆಗಳು ಬೇರೆ ಇವೆ. ಅಲ್ಲಿ ರಕ್ತ ತೆಗೆದು, ಯಕೃತ್ತು, ಮೂತ್ರಪಿಂಡವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ನಾವೂ ಕಾಂಕ್ರೀಟ್ ಹಾಕಿದ ಮರುದಿನವೇ ಲಾರಿ ಬಿಡುವುದಿಲ್ಲ. ಕ್ಯೂಬನ್ನು 28 ದಿನ ನೀರಿನಲ್ಲಿಟ್ಟು ಒಡೆದು ನೋಡುತ್ತೇವೆ. ಅದರ ಮೇಲೂ ಲೆಕ್ಕದಲ್ಲಿ ಕಾಂಕ್ರೀಟಿನ ಬಲವನ್ನು 1.5ರಿಂದ ಭಾಗಿಸುತ್ತೇವೆ. ವಿಷಶಾಸ್ತ್ರದವರು ಇನ್ನೂ ಅಂಜುಬುರುಕರು. ಪ್ರಾಣಿಗೆ ತೊಂದರೆ ಮಾಡದ ಪ್ರಮಾಣವನ್ನು ಸಾಮಾನ್ಯವಾಗಿ 100ರಿಂದ ಭಾಗಿಸುತ್ತಾರೆ: ಇಲಿಗೂ ಮನುಷ್ಯನಿಗೂ ಇರುವ ವ್ಯತ್ಯಾಸಕ್ಕೆ 10, ಮನುಷ್ಯ ಮನುಷ್ಯರ ವ್ಯತ್ಯಾಸಕ್ಕೆ 10. ಇಷ್ಟಾದರೂ ಸಾವಿರದಲ್ಲೊಬ್ಬರಿಗೆ ಮಾತ್ರ ಒಗ್ಗದ ಔಷಧ ಇಲಿಯ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಅದು ಗೊತ್ತಾಗುವುದು ರೋಗಿ ಬಾಯಿಬಿಟ್ಟಾಗಲೇ. ಅದಕ್ಕೆಂದೇ ಆಯುಷ್‌ನಲ್ಲಿ ಔಷಧ ನಿಗಾ ವ್ಯವಸ್ಥೆಯಿದೆ. ಅದರ ರಾಷ್ಟ್ರೀಯ ಕೇಂದ್ರ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲಿದೆ. ನಾವು ಹೇಳದಿದ್ದರೆ ಅವರಿಗೇನು ಕನಸು ಬೀಳುತ್ತದೆಯೇ?

ಸಸ್ಯೌಷಧ ಬೇಡವೆಂದು ನಾನು ಹೇಳುತ್ತಿಲ್ಲ. ಶರಣ ವೈದ್ಯ ಸಂಗಣ್ಣನವರ ಕಾಯಕ ವೈದ್ಯವೇ. ಆದರೆ ರೋಗಿಯ ಮುಖ ನೋಡದೆ ಮದ್ದು ಹಂಚುವುದು ಆ ಕಾಯಕವಲ್ಲ, ನಾನು ಮಾಡಿದ್ದು ಅದನ್ನೇ. ಆ ಹತ್ತು ಮನೆಗಳಿಗೂ ಹೋಗಿ ವಿಷಯ ತಿಳಿಸಿ ಬಂದೆ. ಇಬ್ಬರು ಬೈದರು, ಒಬ್ಬರು ಕಾಫಿ ಕೊಟ್ಟರು.

ಈಗ ಅಕ್ಕ ಆಸ್ಪತ್ರೆಗೆ ಹೊರಟರೆ ಚೀಲದಲ್ಲಿ ಒಂದು ಚೀಟಿ ಇರುತ್ತದೆ. ಮೊದಲ ಸಾಲು ಅಮೃತಬಳ್ಳಿ, ನಿಲ್ಲಿಸಿದ ತಾರೀಖಿನ ಸಮೇತ. ಬಿ.ಪಿ. ಮಾತ್ರೆ ಅದರ ಕೆಳಗೆ.